ನಡುವಿನ ಖಾಲಿ ಮನೆ

ತಪ್ಪು ಲೆಕ್ಕ ಕಂಡರೆ ಸುಮ್ಮನಿರುವ ಗುಣ ನನಗೆ ಮೊದಲಿನಿಂದಲೂ ಇಲ್ಲ. ಮದುವೆಯ ಕರೆಯೋಲೆಯಲ್ಲಿ ವಾರಕ್ಕೂ ತಾರೀಖಿಗೂ ಹೊಂದದಿದ್ದರೆ, ಅಕ್ಷತೆ ಕೊಡಲು ಬಂದವರ ಎದುರಿಗೇ ಹೇಳಿಬಿಡುತ್ತಿದ್ದೆ. ಬಸ್ ನಿಲ್ದಾಣದ ವೇಳಾಪಟ್ಟಿ ತಪ್ಪಿದ್ದರೆ ಕಂಟ್ರೋಲರ್ ಕಡೆಯಿಂದ ಸೀಮೆಸುಣ್ಣ ಇಸಿದುಕೊಂಡು ತಿದ್ದಿದ್ದೂ ಉಂಟು. "ಇಕಿ ಬಾಯಾಗ ನಾಲಿಗಿ ಇಲ್ಲ, ತಕ್ಕಡಿ ಐತಿ" ಎಂದು ನಮ್ಮವ್ವ ಬೈಯುತ್ತಿದ್ದಳು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ.

ಎಂಬತ್ತರ ದಶಕದ ನಡುವೆ ನಾನು ಧಾರವಾಡದಲ್ಲಿ ಗಣಿತದ ಸಂಶೋಧನೆಗೆ ಸೇರಿಕೊಂಡೆ. ವಿಷಯ ಮಾಯಾಚೌಕ. ಅದೇನೂ ದೊಡ್ಡ ಗುಟ್ಟಲ್ಲ. ಮೂರು ಸಾಲಿನಲ್ಲಿ ಒಂಬತ್ತು ಮನೆ ಬರೆದು, ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಮನೆಗೊಂದರಂತೆ ತುಂಬಬೇಕು. ಅಡ್ಡ ಕೂಡಿದರೂ, ಉದ್ದ ಕೂಡಿದರೂ, ಮೂಲೆಯಿಂದ ಮೂಲೆಗೆ ಕೂಡಿದರೂ ಹದಿನೈದೇ ಬರಬೇಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಗಣಿತವಲ್ಲ, ಅದರ ತಿರುಗಾಟ. ಹೆರಿಗೆ ಸಲೀಸಾಗಲೆಂದು ಈ ಚೌಕವನ್ನು ಬಸುರಿಗೆ ತೋರಿಸುವ ಪದ್ಧತಿ ನಮ್ಮ ಹಳೆಯ ವೈದ್ಯದಲ್ಲೂ ಇತ್ತು, ಯುನಾನಿ ಹಕೀಮರಲ್ಲೂ ಇತ್ತು. ಹದಿನೈದಕ್ಕೂ ಹೆರಿಗೆಗೂ ಏನು ನಂಟು? ಇವರು ಅವರಿಂದ ಕಲಿತರೋ, ಅವರು ಇವರಿಂದಲೋ? ನನ್ನ ಮಾರ್ಗದರ್ಶಕರಿಗೆ ಈ ಎರಡನೆಯ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಬೇಕಾಗಿತ್ತು.

ಶಲವಡಿಯ ಒಂದು ಮನೆಯಲ್ಲಿ ಅಂಥದೊಂದು ಚೌಕ ಇದೆಯೆಂದು ಯಾರೋ ಹೇಳಿದರು. ಹತ್ತಿ ಬಿಡಿಸುವ ದಿನಗಳು. ಅಣ್ಣಿಗೇರಿಯಿಂದ ಹೊರಟ ಬಸ್ಸಿನಲ್ಲಿ ನನ್ನ ತೊಡೆಯ ಮೇಲೂ ಯಾರದೋ ಹತ್ತಿಯ ಗಂಟು ಕೂತಿತ್ತು. ಆ ಮನೆಯ ಹಿರಿಯಳನ್ನು ಊರವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಕೆ ಸೂಲಗಿತ್ತಿ. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿತ್ತು. ಆಕೆಯ ಮಾವ ವೈದ್ಯ ಮಾಡುತ್ತಿದ್ದ ಶಿವಭಕ್ತರು. ಅವರು ಬರೆದಿಟ್ಟ ಹಾಳೆಗಳ ಕಟ್ಟೊಂದನ್ನು ಆಯಿ ನನ್ನ ಮುಂದಿಟ್ಟಳು. ಒಂದು ಹಾಳೆಯಲ್ಲಿ ಹೊಟ್ಟೆನೋವಿನ ಔಷಧ, ಅದರ ಬೆನ್ನಿಗೆ ಶಿವನ ಸ್ತುತಿ, ಅಂಚಿನಲ್ಲಿ ಬಾವಿ ತೋಡಲು ಎಷ್ಟಾಳು ಎಷ್ಟು ದಿನ ಬೇಕೆಂಬ ಲೆಕ್ಕ, ಕೆಳಗೆ ಏತದ ಚಿತ್ರ. ನಮ್ಮ ವಿಶ್ವವಿದ್ಯಾಲಯದಲ್ಲಿ ಇಷ್ಟಕ್ಕೆಲ್ಲ ನಾಲ್ಕು ಬೇರೆ ಬೇರೆ ಕಟ್ಟಡ ಬೇಕು, ಒಂದು ಕಟ್ಟಡದವರು ಇನ್ನೊಂದರ ಚಹಾ ಕುಡಿಯುವುದಿಲ್ಲ. ಆ ಮನುಷ್ಯನಿಗೆ ಒಂದೇ ಹಾಳೆ ಸಾಕಾಗಿತ್ತು. ನಾನು ಕಟ್ಟಿನ ನಕಲು ಮಾಡಿಕೊಳ್ಳಲು ಅಲ್ಲೇ ಉಳಿದೆ.

ಮೂರನೆಯ ದಿನ ಆಯಿ ದೇವರ ಜಗಲಿಯಿಂದ ಕೆಂಪು ಬಟ್ಟೆಯ ಗಂಟು ತಂದು ಬಿಚ್ಚಿದಳು. ಅಂಗೈ ಅಗಲದ ತಾಮ್ರದ ತಗಡು. ಅದರ ಮೇಲೆ ಕನ್ನಡದ ಅಂಕಿಗಳು. ಮೇಲಿನ ಸಾಲು ಎರಡು, ಒಂಬತ್ತು, ನಾಲ್ಕು. ಕೆಳಗಿನದು ಆರು, ಒಂದು, ಎಂಟು. ನಡುವಿನ ಸಾಲಿನಲ್ಲಿ ಮಾತ್ರ ಏಳು ಮತ್ತು ಮೂರು. ಅವೆರಡರ ನಡುವಿನ ಮನೆ ಖಾಲಿ.

"ನೋಡ್ಕೋತ ಕೂಡ್ರವಾ, ಎಮ್ಮಿ ಹಿಂಡಿ ಬರ್ತೇನಿ" ಎಂದು ಆಯಿ ಹಿತ್ತಲಿಗೆ ಹೋದಳು.

ತಗಡಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಂಡೆ. ಖಾಲಿ ಮನೆ ಕಣ್ಣಿಗೆ ಚುಚ್ಚತೊಡಗಿತು. ಕೊರೆದವನು ಮರೆತಿರಬೇಕು ಅಂದುಕೊಂಡೆ. ಇಷ್ಟು ವರ್ಷ, ಇಷ್ಟು ಜನ, ಯಾರಿಗೂ ಅಲ್ಲಿ ಐದು ಬರಬೇಕೆಂದು ಹೊಳೆಯಲಿಲ್ಲವೇ? ಚೀಲದಲ್ಲಿ ಕಂಪಾಸ್ ಪೆಟ್ಟಿಗೆ ಇತ್ತು. ಕೈವಾರ ತೆಗೆದೆ. ಅದರ ಮೊನೆಯಿಂದ, ಹಲ್ಲು ಕಚ್ಚಿಕೊಂಡು, ಅಗದಿ ಚೆಂದದ ಐದನ್ನು ಕೊರೆದೆ. ಬೇರೆ ಅಂಕಿಗಳಿಗಿಂತ ನನ್ನದೇ ದುಂಡಗಿದೆ ಎಂದು ಹಿಗ್ಗಿದೆ ಕೂಡ.

ಅಷ್ಟರಲ್ಲಿ ಆಯಿಯ ಮೊಮ್ಮಗಳು ಚಹಾ ತಂದಳು. ಹೆರಿಗೆಗೆಂದು ತವರಿಗೆ ಬಂದ ಹುಡುಗಿ, ದಿನ ತುಂಬಿದ್ದವು. ಬಗ್ಗಿ ಕಪ್ಪು ಇಡುವಾಗ ತಗಡು ಕಂಡಿತು.

"ಅಕ್ಕೋರ, ನಡುವಿನ ಮನ್ಯಾಗ ಏನ್ರಿ ಅದು?"

"ಐದು. ಬಿಟ್ಟುಹೋಗಿತ್ತು, ನಾನೇ ತುಂಬಿದೆ."

ಅವಳು ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತಳು. ಚಹಾ ಚೆಲ್ಲಿತು. ಹಾಲಿನ ಚರಿಗೆ ಹಿಡಿದು ಒಳಗೆ ಬಂದ ಆಯಿ ಮೊಮ್ಮಗಳ ಮುಖ ನೋಡಿದಳು, ತಗಡು ನೋಡಿದಳು, ಕೊನೆಗೆ ನನ್ನ ಕೈಯಲ್ಲಿದ್ದ ಕೈವಾರ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

"ಯವ್ವಾ, ಅದು ಬಿಟ್ಟುಹೋಗಿದ್ದಲ್ಲ, ಬೇಕಂತ ಬಿಟ್ಟಿದ್ದು" ಎಂದಳು. "ಕೂಸು ಬರೂ ಹಾದಿ ಅದು. ಬ್ಯಾನಿ ತಿನ್ನಾಕಿ ಅದನ್ನ ನೋಡ್ಕೋತ ಇರಬೇಕು. ಕೂಸು ಅತ್ತ ಮ್ಯಾಲ ತಾಯಿನ ತನ್ನ ಬೆರಳಿಲೆ ಅರಿಷಿಣ ಹಚ್ಚಿ ನಡುವಿನ ಮನಿ ತುಂಬತಾಳ. ಅದಕ್ಕಿಂತ ಮೊದಲ ಹೆರಿಗಿ ಮನ್ಯಾಗ ಆ ಅಂಕಿ ಬರಿಯಂಗಿಲ್ಲ, ಬಾಯಿಲೆ ಅನ್ನಂಗೂ ಇಲ್ಲ."

ಆಮೇಲೆ ಆಯಿ ಒಳಗೆ ಕರೆದು ಇನ್ನೊಂದು ಮಾತು ಹೇಳಿದಳು. ಮೊಮ್ಮಗಳಿಗೆ ಇದು ಎರಡನೆಯ ಬಸುರು. ಹೋದ ವರ್ಷದ ಕೂಸು ಅಳಲೇ ಇಲ್ಲ.

ತಾಮ್ರಕ್ಕೂ ಹೆರಿಗೆಗೂ ಸಂಬಂಧವಿಲ್ಲ ಎಂದು ವಿವರಿಸಲು ನನಗೆ ಬರುತ್ತಿತ್ತು. ಬಾಯಿ ತೆರೆದೂ ಇದ್ದೆ. ಆದರೆ ಆ ಹುಡುಗಿ ಸೆರಗಿನಿಂದ ತಗಡನ್ನು ತಿಕ್ಕುತ್ತ, "ಇದು ಅಳಸಾಕ ಬರ್ತೈತೇನ್ರಿ ಅಕ್ಕೋರ?" ಎಂದು ಕೇಳಿದಾಗ ನನ್ನ ಎಂ.ಎಸ್ಸಿ. ಗಂಟಲಲ್ಲೇ ಉಳಿಯಿತು. ಅಷ್ಟು ನಾಚಿಕೆ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ಹೊಸ ತಗಡು ಮಾಡಿಸೋಣವೆಂದೆ. ಅವಳು ತಲೆ ಅಲ್ಲಾಡಿಸಿದಳು. ಅವಳ ಅವ್ವ ಅವಳನ್ನು ಹೆತ್ತದ್ದು ಇದನ್ನೇ ನೋಡಿಕೊಂಡು.

ಮರುದಿನ ಬೆಳಿಗ್ಗೆ ತಗಡು ಕಟ್ಟಿಕೊಂಡು ಅಣ್ಣಿಗೇರಿಗೆ ಓಡಿದೆ. ಆಯಿ ಹೇಳಿದಂತೆ, ಅದನ್ನು ಕೊರೆದ ಮನೆಯವರು ಅಲ್ಲಿಯ ಮುಸ್ಲಿಂ ಕುಶಲಕರ್ಮಿಗಳು, ತಾಮ್ರ ಹಿತ್ತಾಳೆಯ ಕೆಲಸದವರು. ಆ ಮನೆಯ ಈಗಿನ ಹಿರಿಯ, ಎಲ್ಲರೂ ಕಾಕಾ ಎನ್ನುವವರು, ಬಾಂಡೆ ಅಂಗಡಿಯ ಕಟ್ಟೆಯ ಮೇಲೆ ಕೂತು, ಮದುವೆಗೆ ಕೊಡುವ ಸ್ಟೀಲ್ ಕೊಡಗಳ ಮೇಲೆ ಹೆಸರು ಕೊರೆಯುತ್ತಿದ್ದರು. ಊರಿಗೆ ಆಗಲೇ ಕರೆಂಟಿನ ಮಿಷನ್ ಬಂದಿತ್ತು. ಕಾಕಾ ಮಾತ್ರ ಇನ್ನೂ ಉಳಿ ಸುತ್ತಿಗೆಯವರು. ತಗಡು ನೋಡಿದ ಕೂಡಲೇ, "ಇದು ನಮ್ಮ ಅಬ್ಬಾನ ಕೈ. ಈ ಐದು ಯಾವ ಶಾಣ್ಯಾನ ಕೈ?" ಎಂದು ನಕ್ಕರು.

"ನನ್ನದೇ" ಎಂದೆ. ಕಾಕಾ ನಗು ನಿಲ್ಲಿಸಿ ನೀರು ಕೊಟ್ಟರು.

ಅಂಥ ಹೊತ್ತಿನಲ್ಲೂ ಕುತೂಹಲ ಬಿಡಲಿಲ್ಲ. ನೀರು ಕುಡಿಯುತ್ತಲೇ ಕೇಳಿದೆ, ಈ ಚೌಕ ಮೊದಲು ಯಾರದು?

"ಯಾರದಂದ್ರ? ಅವರದ. ಅವರ ಹಿರ್ಯಾರು ಹಾಳಿ ಮ್ಯಾಲ ಬರದು ತಂದ್ರು, ನಮ್ಮವರು ತಾಮ್ರದಾಗ ಕೊರದ್ರು. ಚಲೋ ಐತಿ ಅಂತ ನಾವೂ ಒಂದು ಇಟಗೊಂಡ್ವಿ. ನಮ್ಮ ಮನ್ಯಾಗ ಅರಿಷಿಣದ ಬದಲಿ ಕೇಸರಿ ನೀರಿಲೆ ತುಂಬತಾರ, ಅಷ್ಟ ಫರಕು."

ಇದನ್ನೇ ಹಿಂದಿನ ದಿನ ಆಯಿಗೆ ಕೇಳಿದ್ದೆ. "ನಮ್ಮದೆಲ್ಲಿ ಬಂತು? ಅಣ್ಣಿಗೇರಿ ಕಾಕಾರ ಹಿರ್ಯಾರು ನಮ್ಮ ಮಾವನೋರಿಗೆ ಕಲಿಸಿದ್ದು" ಎಂದಿದ್ದಳು. ಎಲ್ಲೆಲ್ಲೂ ಜನ ಒಳ್ಳೆಯದನ್ನು ನಮ್ಮದು ನಮ್ಮದು ಎಂದು ಎಳೆದಾಡುವುದನ್ನು ಕಂಡಿದ್ದೆ. ಇಲ್ಲಿ ಎರಡು ಮನೆಗಳು ಬಡಿಸಿದ ಹೋಳಿಗೆಯನ್ನು ಪರಸ್ಪರರ ಎಲೆಗೆ ದೂಡುತ್ತಿದ್ದವು. ಎರಡನ್ನೂ ಹಾಗೆಯೇ ಬರೆದು ಮಾರ್ಗದರ್ಶಕರಿಗೆ ಕೊಟ್ಟಾಗ ಅವರು ಅಂಚಿನಲ್ಲಿ "ಒಂದು ನಿರ್ಣಯಕ್ಕೆ ಬನ್ನಿ" ಎಂದು ಬರೆದರು. ನಾನು ಬರಲಿಲ್ಲ. ಈಗಲೂ ಬಂದಿಲ್ಲ.

ಕಾಕಾ ತಗಡನ್ನು ಬಿಸಿಲಿಗೆ ಓರೆ ಹಿಡಿದು ನೋಡಿದರು. "ಮೊನಿ ಆಳಕ್ಕ ಹೋಗೈತಿ ಬೇಟಿ. ತಿಕ್ಕಿ ತಗದ್ರ ಬಾಜೂನ ಏಳು, ಮೂರು ಎರಡೂ ಹೊಕ್ಕಾವ."

"ಹಾಗಾದರೆ?"

ಕಾಕಾ ಹೆಬ್ಬೆರಳಿನಿಂದ ನಡುವಿನ ಮನೆ ಸವರಿ, "ಅವರಿಗೆ ಖಾಲಿ ಮನಿ ಬೇಕು, ಹೌದಲ್ಲ?" ಎಂದರು. ನಾನು ಹೌದೆನ್ನುವುದರೊಳಗೆ ತಗಡನ್ನು ಕಟ್ಟಿಗೆಯ ತುಂಡಿನ ಮೇಲಿಟ್ಟು, ಚಪ್ಪಟೆ ಉಳಿಯಿಂದ ನಾಲ್ಕೂ ಬದಿಗೆ ನಾಲ್ಕು ಪೆಟ್ಟು ಹಾಕಿದರು. ನಡುವಿನ ಮನೆ ಪೂರಾ ಕತ್ತರಿಸಿ ಹೊರಗೆ ಬಿತ್ತು. ನನ್ನ ದುಂಡಗಿನ ಐದನ್ನು ಕರಗಿಸುವ ಚೂರುಗಳ ಡಬ್ಬಿಗೆ ಎಸೆದರು. ಬಸುರಿಯ ಬೆರಳಿಗೆ ತಾಗಬಾರದೆಂದು ಕಿಂಡಿಯ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ನುಣುಪು ಮಾಡಿದರು.

"ಇದಕ್ಕಿಂತ ಖಾಲಿ ಯಾ ಮನಿನೂ ಆಗೂದಿಲ್ಲ. ಹೋಗಿ ಹೇಳು."

ಆಯಿ ತಗಡನ್ನು ಕಣ್ಣಿಗೆ ಹಿಡಿದು ಕಿಂಡಿಯಿಂದ ನನ್ನನ್ನು ನೋಡಿ, "ಶಾಣ್ಯಾಕಿ ಪೂರಾ ಕಾಣಾಕತ್ತಾಳ" ಎಂದು ನಕ್ಕುಬಿಟ್ಟಳು. ಮೊಮ್ಮಗಳು ನಗಲಿಲ್ಲ. ಕಿಂಡಿಯೊಳಗೆ ಬೆರಳು ತೂರಿಸಿ, ತೆಗೆದು, ಮತ್ತೆ ತೂರಿಸಿ ನೋಡಿದಳು. ಕೊನೆಗೆ, "ಹೆರಿಗಿಯಾಗ ನೀವ ಹಿಡೀಬೇಕು" ಎಂದಳು. ಅದು ಶಿಕ್ಷೆಯೋ ಕ್ಷಮೆಯೋ ನನಗೆ ತಿಳಿಯಲಿಲ್ಲ.

ನಾಲ್ಕು ದಿನದ ಮೇಲೆ ಬೆಳಗಿನ ರೊಟ್ಟಿ ಬಡಿಯುವ ಹೊತ್ತಿಗೆ ಬೇನೆ ಶುರುವಾಯಿತು. ಆಯಿಯೇ ಮೊದಲು ನರ್ಸಬಾಯಿಗೆ ಹೇಳಿಕಳಿಸಿದಳು. ಹೋದ ವರ್ಷದ ಪೆಟ್ಟು ಆಕೆಗೂ ಬಿದ್ದಿತ್ತು. ನರ್ಸಬಾಯಿ ನೀರು ಕುದಿಸಲು ಹೇಳಿ, ತನ್ನ ಡಬ್ಬಿ ಬಿಚ್ಚಿ, ನನ್ನ ಕಡೆ ತಿರುಗಿದಳು. "ಏನ್ರಿ ಅಕ್ಕೋರ, ಇಷ್ಟ ಓದೀರಿ, ನೀವ ತಗಡ ಹಿಡಕೊಂಡು ನಿಂತೀರಲ್ರಿ!"

"ನಿನ್ನ ಸೂಜಿ ನೀ ಚುಚ್ಚವಾ, ಆಕಿ ತಗಡ ಆಕಿ ಹಿಡೀಲಿ. ಎರಡಕ್ಕೂ ಜಾಗಾ ಐತಿ" ಎಂದಳು ಆಯಿ.

ಮಧ್ಯಾಹ್ನ ಏರಿತು. ಹುಡುಗಿಗೆ ಕಣ್ಣು ಬಿಡುವುದೂ ಆಗದಾಯಿತು. "ಕಾಣವಲ್ದು ಅಕ್ಕೋರ, ನೀವು ಓದ್ರಿ" ಎಂದಳು.

ಓದಿದೆ. ಎರಡು, ಒಂಬತ್ತು, ನಾಲ್ಕು. ಏಳು. ಅಲ್ಲಿ ಬಾಯಿ ಬಿಗಿಹಿಡಿದು, ಮೂರು. ಆರು, ಒಂದು, ಎಂಟು. ಮತ್ತೆ ಮೊದಲಿನಿಂದ. ಎಷ್ಟು ಸಲವೋ ಎಣಿಸಲಿಲ್ಲ. ಎಣಿಸದೆ ಬಿಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲಿರಬೇಕು. ಏಳರ ನಂತರ ಐದು ತಾನಾಗಿ ನಾಲಿಗೆಗೆ ಬರುತ್ತಿತ್ತು, ಪ್ರತಿ ಸಲವೂ ಅದನ್ನು ನುಂಗುತ್ತಿದ್ದೆ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೂ ಅಂದುಬಿಟ್ಟರೆ ಎಂಬ ಹೆದರಿಕೆ ಬಿಡಲಿಲ್ಲ.

ಕೂಸು ಬಂತು. ಅಳಲಿಲ್ಲ. ಆಯಿಯ ಕೈ ನಿಂತೇಹೋಯಿತು. ನರ್ಸಬಾಯಿ ಮಾತ್ರ ನಿಲ್ಲಲಿಲ್ಲ. ಸಣ್ಣ ನಳಿಗೆಯಿಂದ ಬಾಯಿ ಮೂಗು ಸ್ವಚ್ಛ ಮಾಡಿ, ಬೆನ್ನು ತಿಕ್ಕಿ, ಅಂಗಾಲಿಗೆ ತಟ್ಟಿದಳು. ಮತ್ತೆ ತಟ್ಟಿದಳು. ನಾನು ಓದುವುದನ್ನು ಬಿಟ್ಟಿದ್ದೆ.

ಆಮೇಲೆ ಅತ್ತಿತು. ಓಣಿಗೆಲ್ಲ ಕೇಳುವಂತೆ ಅತ್ತಿತು.

ಆಯಿ ಬಟ್ಟಲಲ್ಲಿ ಅರಿಷಿಣ ಕಲಸಿ ತಂದಳು. ಹುಡುಗಿ ಬೆರಳು ಅದ್ದಿ ತಗಡಿನ ಮೇಲೆ ಒಯ್ದರೆ ಬರೆಯಲು ಅಲ್ಲೇನಿದೆ? ಬರೀ ಕಿಂಡಿ. ಬೆರಳು ಹಾಗೇ ನಿಂತಿತು, ತುದಿಯಿಂದ ಅರಿಷಿಣ ತೊಟ್ಟಿಕ್ಕಿತು. ಕಾಕಾ, ಆಯಿ, ನಾನು, ಮೂವರಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ.

"ಹೋದ ಸಲಾನೂ ಕಲಸಿ ಇಟ್ಟಿದ್ರು" ಎಂದಳು ಅವಳು, ಬಟ್ಟಲು ನೋಡುತ್ತ. "ಹಂಗ ಒಣಗಿ ಹೋತು."

ಅವಳೇ ನನ್ನ ಕೈ ಎಳೆದು, ಅಂಗೈ ಮೇಲೆ ಮಾಡಿ, ಅದರ ಮೇಲೆ ತಗಡಿಟ್ಟಳು. ಕಿಂಡಿಯಲ್ಲಿ ನನ್ನ ಅಂಗೈ ಕಂಡಿತು. ಅಲ್ಲಿ, ಬಿಸಿ ಆರದ ಬೆರಳಿನಿಂದ, ಅವಸರವಿಲ್ಲದೆ ಬರೆದಳು.

"ಐದು" ಎಂದಳು. "ನೀವೂ ಅನ್ರಿ ಅಕ್ಕೋರ, ಈಗ ಅನ್ನಾಕ ಬರ್ತೈತಿ."

ನನಗೆ ಅನ್ನಲಾಗಲಿಲ್ಲ. ನಾನು ಕೂಸಿಗಿಂತ ಜೋರಾಗಿ ಅಳುತ್ತಿದ್ದೆ.