ಕಾಲುಂಗುರ ತೆಗೆಸಿದ ವಿಮಲಕ್ಕ

ಆಗಸ್ಟ್ ತಿಂಗಳ ಕುವೈತಿನಲ್ಲಿ ಉಣ್ಣೆಯ ಕಾಲುಚೀಲ, ದಪ್ಪನೆಯ ಹಿಮದ ಬೂಟು ಹಾಕಿಕೊಂಡು ನಮ್ಮ ಜಾಬ್ರಿಯಾ ಬಡಾವಣೆಯ ಫುಟ್‌ಪಾತಿನಲ್ಲಿ ನಡೆಯುತ್ತಿದ್ದವರು ಒಬ್ಬರೇ, ನಮ್ಮ ವಿಮಲಕ್ಕ. ಕಾರಿನವರು ಗಾಜಿಳಿಸಿ ನಗುತ್ತಿದ್ದರು. "ನಗ್ಲಿ ಬಿಡು. ಹೊಸ ಬೂಟು ಇಲ್ಲಿ ಕಚ್ಚಿದ್ರೆ ಮನೆಗೆ ಹೋಗ್ಬಹುದು. ಹಿಮದಲ್ಲಿ ಕಚ್ಚಿದ್ರೆ ಎಲ್ಲಿಗೆ ಹೋಗುದು ಮಾರಾಯ್ತಿ?" ಎನ್ನುತ್ತಿದ್ದರು ನನಗೆ.

ಕಾರ್ಕಳದ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್. ಪ್ರತಿ ಚಳಿಗಾಲ ಇಲ್ಲಿನ ನಾಲ್ಕಾರು ಕನ್ನಡದ ಹೆಂಗಸರನ್ನು ಕಟ್ಟಿಕೊಂಡು ಹಿಮಾಲಯಕ್ಕೆ ಹೋಗಿ ನಡೆದು ಬರುವುದು ಅವರ ಹುಚ್ಚು.

ಹಿಮದಲ್ಲಿ ನಡೆದು ಒಮ್ಮೆಯಾದರೂ ಬೆಟ್ಟದ ತುದಿಯಲ್ಲಿ ನಿಲ್ಲಬೇಕೆಂದು ನನಗೂ ಆಸೆ. ಆದರೆ ನಾನು ಎಂಥವಳು? ಥೈರಾಯ್ಡ್ ಬಂದ ಮೇಲೆ ಬ್ಯಾಂಕಿನ ಏಸಿಗೇ ಶಾಲು ಹೊದೆಯುವವಳು. "ಐಸ್‌ಕ್ರೀಮ್ ಅಂಗಡಿಗೇ ಸ್ವೆಟರ್ ಹಾಕ್ಕೊಂಡು ಬರ್ತೀಯಲ್ಲೇ" ಎಂದು ಗಂಡ ನಕ್ಕಾಗ ಚುರುಕ್ಕೆಂದಿತ್ತು. ವಿಮಲಕ್ಕ ನಗಲಿಲ್ಲ. "ಚಳಿಗೆ ಹೆದರುವವರೇ ಸರಿಯಾಗಿ ಬಟ್ಟೆ ಹಾಕುದು. ನೀನು ಬಾ" ಅಂದರು.

ಅವರ ಮನೆಯಲ್ಲಿ ಏಸಿ ಜೋರಾಗಿಟ್ಟು ತಾಲೀಮು. ನಾನು ಒಳಗೆ ದಪ್ಪ ಹತ್ತಿ ಬನಿಯನ್ ಹಾಕಿಕೊಂಡು ಹೋಗಿದ್ದೆ. "ಇದು ಬೆವರು ಕುಡಿದು ಒದ್ದೆಯಾಗಿ ಕೂರ್ತದೆ. ಮತ್ತೆ ನಿನ್ನನ್ನು ನಡುಗಿಸುದು ಇದೇ. ಖಲಾಸ್, ತೆಗಿ!" ಮೈಗಂಟುವ ತೆಳ್ಳಗಿನ ಉಣ್ಣೆ, ಅದರ ಮೇಲೆ ದಪ್ಪನೆಯದು, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಜಾಕೆಟ್. ಕೊನೆಗೆ ನನ್ನ ಪಾದ ನೋಡಿದರು. "ಈ ಕಾಲುಂಗುರವನ್ನೂ ತೆಗಿ. ಬೂಟಿನೊಳಗೆ ಬೆರಳು ಊದಿದ್ರೆ ಇದು ರಕ್ತ ಓಡ್ಲಿಕ್ಕೆ ಬಿಡುದಿಲ್ಲ."

ಮೈಸೂರಿನಲ್ಲಿದ್ದ ನನ್ನ ಅತ್ತೆ ಏನೆಂದಾರು? ನಾನು ಹಿಂಜರಿದದ್ದು ನೋಡಿ ವಿಮಲಕ್ಕ ಅಲ್ಲೇ ಅವರಿಗೆ ವಿಡಿಯೋ ಕಾಲ್ ಮಾಡಿಸಿದರು. "ಅಮ್ಮಾ, ಬೆರಳು ಉಳಿದ್ರೆ ಉಂಗುರ ಯಾವಾಗ ಬೇಕಾದ್ರೂ ಹಾಕ್ಬಹುದು. ಬೆರಳೇ ಹೋದ್ರೆ ಎಂತದಕ್ಕೆ ಹಾಕುದು?"

ಅತ್ತೆ ಕನ್ನಡಕ ಏರಿಸಿಕೊಂಡು ವಿಮಲಕ್ಕನನ್ನು ನೋಡಿದರು. "ಹಂಗಾದ್ರೆ ಅವಳು ವಾಪಸ್ ಬರೋವರ್ಗೂ ನನ್ನ ಮಗ ಜೇಬಲ್ಲಿಟ್ಕೊಂಡು ತಿರುಗ್ಲಿ!"

ನಕ್ಕಿದ್ದ ಗಂಡ ಅಷ್ಟೂ ದಿನ ನನ್ನ ಕಾಲುಂಗುರ ಜೇಬಿನಲ್ಲಿಟ್ಟುಕೊಂಡೇ ಆಫೀಸಿಗೆ ಹೋಗಿ ಬಂದರು.

ಆ ಚಳಿಗಾಲ ಹಿಮಾಲಯದಲ್ಲಿ, ಬೆಟ್ಟದ ತುದಿ ಕಾಣುವಷ್ಟು ಹತ್ತಿರ ಹೋದಾಗ ನನ್ನ ಬಲಗಾಲಿನ ಬೆರಳು ಮರಗಟ್ಟಿತು. ಅಯ್ಯೋ, ಇಲ್ಲಿಗೆ ಮುಗಿಯಿತು ಎಂದು ಅತ್ತುಬಿಟ್ಟೆ. ವಿಮಲಕ್ಕ ಗುಡಾರದಲ್ಲಿ ಕೂರಿಸಿ, ಬೂಟು ಬಿಚ್ಚಿ, ನನ್ನ ಪಾದವನ್ನು ತಮ್ಮ ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ಹೆತ್ತ ತಾಯಿಯಾದರೂ ಅಷ್ಟು ತಣ್ಣನೆಯ ಕಾಲಿಗೆ ಒಮ್ಮೆ ಹೌಹಾರುತ್ತಿದ್ದಳು. ನಿಧಾನವಾಗಿ ಬೆರಳಿಗೆ ಬಣ್ಣ ಬಂತು. "ಬೆಚ್ಚಗಿರ್ಲಿ ಅಂತ ಎರಡೆರಡು ಕಾಲುಚೀಲ ಹಾಕಿದ್ದೀಯಲ್ಲ, ಬಿಗಿಯಾಗಿ ಹೀಗಾದದ್ದು. ಇವತ್ತು ಮಲಗು, ನಾಳೆ ಒಂದೇ ಹಾಕು." ಮರುದಿನ ಅವರ ಹಿಂದೆಯೇ ಹತ್ತಿ ತುದಿಯಲ್ಲಿ ನಿಂತೆ. ಏಸಿಗೆ ನಡುಗುವ ನಾನು!

ಕಳೆದ ಜೂನಿನಲ್ಲಿ ಅವರು ನಿವೃತ್ತರಾಗಿ ಊರಿಗೆ ಹೊರಟರು. ಲಗೇಜು ಹೆಚ್ಚಾಯಿತೆಂದು ಹಿಮದ ಬೂಟನ್ನು ಕಾಲಿಗೇ ಹಾಕಿಕೊಂಡು ಏರ್‌ಪೋರ್ಟಿಗೆ ಬಂದಿದ್ದರು. "ಇನ್ನು ಇಲ್ಲಿಯವರನ್ನು ಕರ್ಕೊಂಡು ಹೋಗುದು ನೀನು."

"ನಾನಾ ವಿಮಲಕ್ಕ?"

"ಮತ್ತೆ ಯಾರು? ಚಳಿ ಅಂದ್ರೆ ಎಂತ ಅಂತ ನಿನಗಲ್ವಾ ಗೊತ್ತಿರುದು?"

ಅವರಿಲ್ಲದ ಜಾಬ್ರಿಯಾ ನನಗೆ ಬೇಸರ. ಆದರೆ ಈಗ ತಾಲೀಮಿಗೆ ನಮ್ಮ ಮನೆಯಲ್ಲಿ ಏಸಿ ಜೋರಾಗಿರುತ್ತದೆ. ಮೊನ್ನೆ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಹಾಸನದ ಹುಡುಗಿ ಕಾಲುಂಗುರ ಹಿಡಿದು ಕೂತಳು. "ನಮ್ಮತ್ತೆ ಒಪ್ಪಲ್ಲ ಅಕ್ಕಾ."

ನಾನು ಕೈ ಚಾಚಿದೆ. "ಅವ್ರಿಗೆ ಫೋನ್ ಮಾಡಿ ಕೊಡು ಇಲ್ಲಿ."