ಹೂಬುಟ್ಟಿಯಲ್ಲಿ ಬಂದ ಚೀಟಿಗಳು

೧೯೫೮ರಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದೆ ನನ್ನದೊಂದು ಬಾಡಿಗೆ ಪುಸ್ತಕದಂಗಡಿ ಇತ್ತು. ಓದಿ ವಾಪಸು ತಂದವರು ಹೇಳುತ್ತಿದ್ದುದು ಎರಡೇ ಮಾತು, ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ. ಬಸವರಾಜೇಶ್ವರಿ ಮಾತ್ರ ಹಾಗಲ್ಲ.

ಆಕೆ ಜವಳಿ ವ್ಯಾಪಾರಿ ಷಡಕ್ಷರಪ್ಪನವರ ತಂಗಿ. ಇಪ್ಪತ್ತೆರಡಕ್ಕೇ ಗಂಡ ತೀರಿಕೊಂಡು ಅಣ್ಣನ ಮನೆ ಸೇರಿದ್ದಳು. ಹೊಸ್ತಿಲು ದಾಟುವಂತಿರಲಿಲ್ಲ. ಹೂ ಮಾರುವ ಕರಿಬಸಮ್ಮ ಅಂಗಳದಲ್ಲಿ ಅತ್ತಿಗೆಗೆ ಮಲ್ಲಿಗೆ ಅಳೆದುಕೊಟ್ಟು, ಹಿತ್ತಲಿಗೆ ಹೋಗಿ ಬುಟ್ಟಿಯ ಬಾಳೆಲೆ ಸರಿಸಿ ಇವಳಿಗೆ ನನ್ನಂಗಡಿಯ ಕಾದಂಬರಿ ಕೊಡುತ್ತಿದ್ದಳು.

"ಪುಸ್ತಕ ಒಂದಿನ ತಡ ಆದ್ರೆ ಆ ಹುಡುಗಿ ಮುಖ ನೋಡಕ್ಕಾಗಲ್ಲ ಮಾರಾಯ್ರೆ" ಎನ್ನುತ್ತಿದ್ದಳು.

ಪುಸ್ತಕ ಮರಳುವಾಗ ಒಳಗೊಂದು ಚೀಟಿ ಇರುತ್ತಿತ್ತು. ಪತ್ತೇದಾರಿ ಕಾದಂಬರಿಗೆ: "ಡಾಕ್ಟರೇ ಕೊಲೆಗಾರನೆಂದು ನಲವತ್ತನೇ ಪುಟದಲ್ಲೇ ಗೊತ್ತಾಯಿತು. ಪತ್ತೇದಾರನಿಗೆ ಇನ್ನೂರು ಪುಟ ಬೇಕಾಯಿತು. ಇವನಿಗೆ ಸಂಬಳ ಕೊಡುವವರು ಯಾರು?" ಪಾಳುಬಂಗಲೆಯ ಕಥೆಗೆ: "ಈ ದೆವ್ವ ನಮ್ಮ ಅಡುಗೆಮನೆಯಲ್ಲಿ ಒಂದು ವಾರ ಇದ್ದು ನೋಡಲಿ. ತಾನೇ ಓಡಿಹೋಗುತ್ತದೆ."

ನಾನು ಬಿದ್ದು ಬಿದ್ದು ನಕ್ಕು, ಚೀಟಿಗಳನ್ನು ಆಯಾ ಪುಸ್ತಕದ ರಟ್ಟಿಗೇ ಅಂಟಿಸಿದೆ. ಹೆಸರಿಲ್ಲವಲ್ಲ, ಯಾರಿಗೆ ಗೊತ್ತಾಗಬೇಕು ಎಂದುಕೊಂಡೆ. ಜನ ಚೀಟಿ ಓದಿಯೇ ಪುಸ್ತಕ ಒಯ್ಯತೊಡಗಿದರು. ಜಂಬದಿಂದ ನನ್ನ ತಲೆ ತಿರುಗಿತು.

ಒಂದು ಪ್ರೇಮಕಥೆಯ ಜೊತೆ ಈ ಚೀಟಿ ಬಂತು: "ಇದರಲ್ಲಿ ವಿಧವೆ ಎರಡನೇ ಮದುವೆ ಬೇಡ ಅನ್ನುತ್ತಾಳೆ. ಬರೆದವರು ಗಂಡಸರು. ನನ್ನನ್ನು ಕೇಳಿದ್ದರೆ ಬೇಕು ಅನ್ನುತ್ತಿದ್ದೆ."

ಅದನ್ನೂ ಅಂಟಿಸಿದೆ. ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ.

ಮರುವಾರ ಷಡಕ್ಷರಪ್ಪನವರೇ ಅಂಗಡಿಗೆ ಬಂದರು, ತಮಗೊಂದು ಪತ್ತೇದಾರಿ ಬೇಕೆಂದು. ಆ ಪ್ರೇಮಕಥೆಯ ರಟ್ಟು ಕಣ್ಣಿಗೆ ಬಿತ್ತು. ಎರಡು ಸಲ ಓದಿದರು.

"ನಮ್ಮ ಅಂಗಡಿ ಕಾಗದ ಎಲ್ಲಾ ಬರೆಯೋ ಕೈ ಇದು. ನನಗೆ ಗೊತ್ತಾಗಲ್ವಾ ಗಣಪಯ್ಯ?" ಎಂದು ಮೆಲ್ಲಗೆ ಕೇಳಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕರಿಬಸಮ್ಮನಿಗೆ ಆ ಮನೆಯ ಬಾಗಿಲು ಮುಚ್ಚಿತು. ಬಸವರಾಜೇಶ್ವರಿಯನ್ನು ಭದ್ರಾವತಿಯ ನ್ಯೂ ಟೌನಿಗೆ, ಹಾಸಿಗೆ ಹಿಡಿದಿದ್ದ ದೊಡ್ಡಮ್ಮನ ಚಾಕರಿಗೆ ಕಳಿಸಿದರು.

ಮೂರು ವರ್ಷ ನನಗೆ ಅಲ್ಲಿಗೆ ಹೋಗುವ ಧೈರ್ಯವಾಗಲಿಲ್ಲ. ಕೊನೆಗೊಂದು ದಿನ ಹೊಸ ಕಾದಂಬರಿ ಮೂರು ಕಟ್ಟಿಕೊಂಡು ಬಸ್ಸು ಹತ್ತಿದೆ. ಕ್ವಾರ್ಟರ್ಸಿನ ಬಾಗಿಲು ತೆರೆದವಳನ್ನು ನಾನು ನೋಡಿದ್ದು ಅದೇ ಮೊದಲು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಗಂಜಿಯ ಲೋಟ. ನಾನು ಯಾರೆಂದು ಹೇಳಿದೆ. ತಪ್ಪಾಯಿತಮ್ಮ ಎಂದೆ.

"ಬಿಡಿ, ಆಗಿದ್ದು ಆಗೋಯ್ತು."

ಪುಸ್ತಕಗಳನ್ನು ಮುಂದೆ ಹಿಡಿದೆ. ಲೋಟ ಕೆಳಗಿಟ್ಟು ಮೇಲಿನದನ್ನು ತೆಗೆದುಕೊಂಡಳು. ಒಂದು ಪುಟ ಓದಿದಳು. ಇನ್ನೊಂದನ್ನೂ ಓದಿದಳು. ತುಟಿಯಂಚಿನಲ್ಲಿ ನಗು ಬಂದಂತಾಯಿತು. ಥಟ್ಟನೆ ಮುಚ್ಚಿ ವಾಪಸು ಕೊಟ್ಟಳು.

"ಬೇಡ ಗಣಪಯ್ಯನೋರೆ. ಓದಿದ್ರೆ ಏನಾದ್ರೂ ಹೇಳ್ಬೇಕು ಅನ್ಸುತ್ತೆ. ಈಗ ಹೇಳ್ದೆ ಇರೋದು ಅಭ್ಯಾಸ ಆಗ್ತಾ ಇದೆ."