ಅವ್ವನ ಕೈಮೇಲೆ ಎದ್ದ ಗಂದೆ

ಅಟ್ಟದ ಮೇಲೆ ವರ್ಷವಿಡೀ ಒಣಗಿದ್ದ ಕೊಬ್ಬರಿಕಾಯಿ ಇಳಿಸುತ್ತಿದ್ದೆವು. ಸಿಪ್ಪೆಗೆ ಹಿಡಿದಿದ್ದ ಬೂಷ್ಟಿನ ಧೂಳು ಮುಖಕ್ಕೆ ಬಡಿದದ್ದೇ ಅವ್ವನಿಗೆ ಉಬ್ಬಸ ಕೆರಳಿತು.

ಅವಳನ್ನು ಅಂಗಳಕ್ಕೆ ಕರೆತಂದು ಕೂರಿಸಿದೆ. ಈ ಉಬ್ಬಸಕ್ಕೇ ಬೆಂಗಳೂರಿನ ಆಸ್ಪತ್ರೆಯಲ್ಲಿ ಯಾವುದು ಮೈಗೆ ಒಗ್ಗದೆಂದು ಅವಳ ಮುಂಗೈಗೆ ಸೂಜಿ ಚುಚ್ಚಿ ನೋಡಿದಾಗ ಗಂದೆ ಎದ್ದದ್ದು ತೆಂಗಿನಕಾಯಿಗೆ. ಮನೆಗೆ ಮೊದಲ ಬಿ.ಎಸ್ಸಿ. ನಾನು, ಅಲ್ಲಿ ಬರೆದುಕೊಟ್ಟ ಚೀಟಿ ನಂಬಿ ಎರಡು ತಿಂಗಳಿಂದ ಅವಳಿಗೆ ಕಾಯಿಚಟ್ನಿಯನ್ನೂ ಬಿಡಿಸಿದ್ದೆ. ಅವ್ವ ಸೊರಗಿದಳು, ಉಬ್ಬಸ ಹೋಗಲಿಲ್ಲ.

ಅಂಗಳದಲ್ಲಿ ಉಸಿರು ಹದಕ್ಕೆ ಬಂದ ಮೇಲೆ ಅವಳೆಂದಳು: “ಹುಟ್ಟಿದಾಗ್ಲಿಂದ ಕಾಯಿ ತಿಂದೋಳು ನಾನು. ನನ್ನ ಕೇಳ್ದೆ ನನ್ ಚರ್ಮನ ಕೇಳ್ಬುಟ್ರಲ್ಲಪ್ಪ!”

ಅಂದೇ ಅವಳನ್ನು ಕರೆದೊಯ್ದಾಗ ತಿಪಟೂರಿನ ಡಾಕ್ಟರೂ ಕೇಳಿದ್ದು ಅದನ್ನೇ: “ಗಂದೆ ಎದ್ದರೆ ಸಾಕೇನ್ರೀ? ತಿಂದಾಗ ಏನಾಗ್ತಿತ್ತು?” ಏನೂ ಆಗುತ್ತಿರಲಿಲ್ಲ. ಉಬ್ಬಸ ಕೆರಳಿಸಿದ ಬೂಷ್ಟನ್ನು ಬೆಂಗಳೂರಿನಲ್ಲಿ ಯಾರೂ ಪರೀಕ್ಷಿಸಿರಲೇ ಇಲ್ಲ.

ಆ ಸಂಜೆ ಅವ್ವ ರೊಟ್ಟಿಗೆ ಕಾಯಿಚಟ್ನಿ ಹಚ್ಚಿಕೊಂಡು ನೆಮ್ಮದಿಯಾಗಿ ತಿಂದಳು. ನಾನು ಅವಳ ಉಸಿರನ್ನೇ ಆಲಿಸುತ್ತಾ ಕೂತಿದ್ದೆ.